ಗಿರಿಜಮ್ಮ ಟೀಚರ್ ಕಂಪ್ಯೂಟರಿಗೆ ಪಾಠ ಹೇಳಿದ ವರ್ಷ

ಕಳೆದ ತಿಂಗಳು ತಿಪಟೂರಿನಲ್ಲಿ ನಮಗೊಂದು ತರಬೇತಿ ಇತ್ತು. ಕೃತಕ ಬುದ್ಧಿಮತ್ತೆ ಬಳಸಿ ಪಾಠಯೋಜನೆ ತಯಾರಿಸುವುದು ಹೇಗೆ ಎಂಬುದು ವಿಷಯ. ಸುತ್ತಲಿನ ತಾಲ್ಲೂಕುಗಳ ಮೇಷ್ಟ್ರುಗಳು, ಮೇಡಂಗಳು ಎಲ್ಲ ಸೇರಿದ್ದೆವು. ಹೇಳಿಕೊಡಲು ಬಂದಿದ್ದ ಹುಡುಗಿ ಬಲು ಚುರುಕು. ಏಳನೇ ತರಗತಿ, ಭಿನ್ನರಾಶಿ, ಒಂದು ಪೀರಿಯಡ್ಡು ಎಂದು ಟೈಪ್ ಮಾಡಿದ್ದೇ ತಡ, ಪರದೆಯ ತುಂಬ ಪಾಠ ಸುರಿಯಿತು. ಉದ್ದೇಶ, ಚಟುವಟಿಕೆ, ಪ್ರಶ್ನೆ, ಮೌಲ್ಯಮಾಪನ, ಒಂದನ್ನೂ ಬಿಟ್ಟಿರಲಿಲ್ಲ. ನನ್ನ ಪಕ್ಕ ಕೂತಿದ್ದ ಎಳೆಯ ಮೇಷ್ಟ್ರೊಬ್ಬರು, "ಇನ್ನು ನಮ್ ಕೆಲ್ಸ ಹಾಜರಿ ಕೂಗೋದು ಮಾತ್ರ ಕಣ್ರೀ ಮೇಡಂ" ಎಂದರು. ನಾನು ನಕ್ಕೆ. ಇಂಥ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ.

ಊಟದ ಬಿಡುವಿನಲ್ಲಿ ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದೆ. ಗೋಡೆಯಾಚೆ ಯಾರದೋ ಕೊಬ್ಬರಿ ಮಂಡಿ. ತಿಪಟೂರಿನಲ್ಲಿ ಕೊಬ್ಬರಿ ವಾಸನೆಗೆ ಯಾರೂ ಮೂಗು ಎತ್ತಿ ನೋಡುವುದಿಲ್ಲ, ಅದು ಅಲ್ಲಿನ ಗಾಳಿಯೇ. ಆದರೆ ಅವತ್ತು ಬೆಳಗಿನಿಂದ ಪರದೆಯ ಮೇಲೆ ಪಾಠ ನೋಡಿ ನೋಡಿ ಮನಸ್ಸು ಎಲ್ಲೋ ಇತ್ತೆಂದು ಕಾಣುತ್ತದೆ. ಎಣ್ಣೆಯ ಸಿಹಿ, ಅದರೊಳಗೆ ಒಂದಿಷ್ಟು ಹೊಗೆ. ಕೈಯಲ್ಲಿದ್ದ ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಗೋಡೆಗೊರಗಿ ನಿಂತೆ. ಗಿರಿಜಮ್ಮ ಟೀಚರ ಸೀರೆಯ ವಾಸನೆ ಅದು.

ಆಗ ನಾನು ಏಳನೇ ತರಗತಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಏಳನೆಯದಕ್ಕೆ ಆಗ ಪಬ್ಲಿಕ್ ಪರೀಕ್ಷೆ. ನಮ್ಮದು ಶೆಟ್ಟಿಕೆರೆಯಿಂದ ಒಳಗೆ ನಡೆದು ಹೋಗಬೇಕಾದ ಒಂದು ಹಟ್ಟಿ. ಮುಳ್ಳು ಬೇಲಿಯೊಳಗೆ ಒಂದಷ್ಟು ಮನೆ, ನಡುವೆ ದೇವರ ಗುಡಿ, ಪಕ್ಕದಲ್ಲಿ ಕುರಿ ರೊಪ್ಪ. ನಮ್ಮ ಹಟ್ಟಿಯಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಹೆಣ್ಣು ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ. ಅಪ್ಪ ಮಾತ್ರ ನನಗೊಂದು ಮಾತು ಕೊಟ್ಟಿದ್ದ. "ಏಳ್ನೇದು ಒಂದೇ ಏಟ್ಗೆ ಪಾಸ್ ಮಾಡು, ಹೈಸ್ಕೂಲ್ಗೆ ಹಾಕ್ತೀನಿ. ಡುಮ್ಕಿ ಹೊಡುದ್ರೆ ಕುರಿ ಹಿಂದೆ ಹೊಂಟೋಗು, ಆಮ್ಯಾಕೆ ನನ್ನ ಕೇಳ್ಬ್ಯಾಡ." ಅಪ್ಪ ಕೆಟ್ಟವನಲ್ಲ. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವವನು, ಮಗಳ ಓದಿನ ಬಗ್ಗೆ ಇಷ್ಟು ಯೋಚಿಸಿದ್ದೇ ದೊಡ್ಡದು. ಅಂತೂ ಆ ವರ್ಷ ನನಗಿದ್ದದ್ದು ಒಂದೇ ಚಿಂತೆ, ಒಂದೇ ಏಟಿಗೆ ಪಾಸಾಗುವುದು.

ಮುಂಗಾರು ಹಿಡಿದು ರಾಗಿ ಬಿತ್ತನೆ ನಡೆಯುತ್ತಿದ್ದಾಗ ನಮ್ಮ ಸ್ಕೂಲಿಗೆ ಕಂಪ್ಯೂಟರುಗಳು ಬಂದವು. ಲಗೇಜ್ ಆಟೋದಲ್ಲಿ, ಟಾರ್ಪಾಲು ಹೊದಿಸಿ, ಮದುಮಗಳನ್ನು ಕರೆತರುವ ಹಾಗೆ ನಿಧಾನವಾಗಿ ಕರೆತಂದರು. ಹೆಡ್ಮಾಸ್ಟರು ಪೂಜೆಯಿಲ್ಲದೆ ಗುಂಡಿ ಒತ್ತಲು ಬಿಡಲಿಲ್ಲ. ಪರದೆಗೆ ಕುಂಕುಮ ಇಟ್ಟರು, ಮುಂದೆ ಕಾಯಿ ಒಡೆದರು. ಅವುಗಳ ಜೊತೆ ಬಂದಿದ್ದ ಯುವಕ ಸುಧೀರ ಎಂಬವನು ಕಾಯಿನೀರು ಕೀಲಿಮಣೆಗೆ ಸಿಡಿಯದಂತೆ ತನ್ನ ಕರ್ಚೀಫು ಹಿಡಿದು ನಿಂತಿದ್ದ. ಯಾವುದೋ ಸಂಸ್ಥೆಯವನು. ಸಂಸ್ಥೆಯ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾವು ಕಂಪ್ಯೂಟರ್ ಸಾರ್ ಎನ್ನುತ್ತಿದ್ದೆವು.

"ಇದು ಬರೀ ಪಾಠ ತೋರಿಸೋ ಯಂತ್ರ ಅಲ್ಲ ಸಾರ್" ಎಂದು ಸುಧೀರ ಹೆಡ್ಮಾಸ್ಟರಿಗೆ ವಿವರಿಸಿದ. "ಮಗು ಕೊಡೋ ಉತ್ತರ ನೋಡಿ, ಮುಂದೆ ಯಾವ ಪಾಠ ಕೊಡಬೇಕು ಅಂತ ತಾನೇ ತೀರ್ಮಾನ ಮಾಡುತ್ತೆ. ಒಂದೊಂದು ಮಗುವಿಗೂ ಬೇರೆ ಬೇರೆ ದಾರಿ. ಕೃತಕ ಬುದ್ಧಿಮತ್ತೆ ಅಂತ ಕರೀತಾರೆ."

"ಹಂಗಾದ್ರೆ ನಾವು ಹಾಜರಿ ಕೂಗ್ಕೊಂಡು ಕೂತ್ರೆ ಆಯ್ತು ಅನ್ನಿ" ಎಂದರು ಹೆಡ್ಮಾಸ್ಟರು. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಆದರೆ ಆ ಬುದ್ಧಿಯನ್ನು ಯಾರಾದರೂ ಒಳಗೆ ತುಂಬಬೇಕಿತ್ತು. ಬಹಳ ವರ್ಷ ಪಾಠ ಮಾಡಿದವರೊಬ್ಬರು ಹೇಗೆ ಕಲಿಸುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಯಾವಾಗ ಮುಂದೆ ಹೋಗುತ್ತಾರೆ ಎಂಬುದನ್ನೆಲ್ಲ ಕೇಳಿ ಕೇಳಿ, ಅದನ್ನು ನಿಯಮಗಳಾಗಿ ಮಾಡಿ ಯಂತ್ರಕ್ಕೆ ಹೇಳಬೇಕು, ಅದೇ ತನ್ನ ಕೆಲಸ ಎಂದ ಸುಧೀರ. ಹೆಡ್ಮಾಸ್ಟರು ಗಿರಿಜಮ್ಮ ಟೀಚರ ಕಡೆ ಕೈ ತೋರಿಸಿದರು.

ಗಿರಿಜಮ್ಮ ಟೀಚರ್ ಅರಳಗುಪ್ಪೆಯವರು. ತೆಂಗಿನ ತೋಟದ ಮನೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಬೆಳಗಿನ ಬಸ್ಸಿಗೆ ಬಂದು ಶೆಟ್ಟಿಕೆರೆಯಲ್ಲಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದು ಬರುತ್ತಿದ್ದರು. ಅದು ಅವರ ಕೊನೆಯ ವರ್ಷ, ಬೇಸಿಗೆ ಕಳೆದರೆ ನಿವೃತ್ತಿ. ನಮಗೆ ಲೆಕ್ಕ ಹೇಳುತ್ತಿದ್ದವರು ಅವರೇ. ಬೈಯುವುದೂ ಮುದ್ದಿಸುವುದೂ ಒಂದೇ ದನಿಯಲ್ಲಾಗುತ್ತಿತ್ತು. ಯಾವುದು ಯಾವುದೆಂದು ನಾವೇ ತಿಳಿದುಕೊಳ್ಳಬೇಕಿತ್ತು.

ಮಧ್ಯಾಹ್ನದ ಹೊತ್ತು ಸುಧೀರ ಅವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ. ಬೇರೆ ಕೋಣೆ ಇಲ್ಲದ್ದರಿಂದ ಇದೆಲ್ಲ ನಮ್ಮ ಎದುರಿಗೇ ನಡೆಯುತ್ತಿತ್ತು. ನಾವು ಲೆಕ್ಕ ಬಿಡಿಸುವ ಹಾಗೆ ತಲೆ ಬಗ್ಗಿಸಿ ಕಿವಿಯನ್ನು ಅತ್ತ ಇಡುತ್ತಿದ್ದೆವು.

"ಮಗು ತಪ್ಪು ಉತ್ತರ ಹೇಳಿದ್ರೆ ಏನ್ ಮಾಡ್ತೀರಿ ಮೇಡಂ?"

"ಮಖ ನೋಡ್ತೀನಿ."

"ಕಂಪ್ಯೂಟರಿಗೆ ಮುಖ ಕಾಣಲ್ಲ ಮೇಡಂ."

"ಅಯ್ಯೋ ಪಾಪ" ಎಂದರು ಟೀಚರು. ನಿಜವಾಗಿಯೂ ಅವರಿಗೆ ಅದರ ಮೇಲೆ ಕನಿಕರ ಹುಟ್ಟಿದ ಹಾಗಿತ್ತು.

"ಮುಖದಲ್ಲಿ ಏನು ನೋಡ್ತೀರಿ?"

"ಬೆಳಿಗ್ಗೆ ಉಂಡೈತೋ ಇಲ್ವೋ ಅಂತ ನೋಡ್ತೀನಿ."

ಸುಧೀರ ಪೆನ್ನು ಬಾಯಲ್ಲಿಟ್ಟುಕೊಂಡು ಚಾವಣಿ ನೋಡಿದ. ಪುಣ್ಯಾತ್ಮನಿಗೆ ತಾಳ್ಮೆ ಇತ್ತು. ಸುತ್ತಿ ಬಳಸಿ ಕೇಳುತ್ತ ಹೋದಂತೆ ಅವರಿಂದ ಒಂದೊಂದೇ ಹೊರಬಂತು. "ದಡಬಡ ಅಂತ ತಪ್ಪು ಹೇಳ್ತು ಅಂದ್ರೆ ಅದ್ಕೆ ಲೆಕ್ಕ ಬರಲ್ಲ ಅಂತಲ್ಲ, ಜೀವ ಆಟದ ಮ್ಯಾಲೆ ಐತೆ ಅಂತ. ಅದೇ ಲೆಕ್ಕ ಇನ್ನೊಂದ್ಸಲ ಕೊಡು. ನಿಧಾನುಕ್ಕೆ ತಪ್ಪು ಹೇಳ್ತು ಅಂದ್ರೆ ಒದ್ದಾಡ್ತೈತೆ. ಅದ್ಕೆ ಸಣ್ಣ ಲೆಕ್ಕ ಕೊಡು, ಧೈರ್ಯ ಬರ್ಲಿ."

"ನಿಧಾನವಾಗಿ ಸರಿ ಉತ್ತರ ಹೇಳಿದ್ರೆ?"

"ಅದ್ರ ತಂಟೆಗೆ ಹೋಗ್ಬ್ಯಾಡ."

ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಯಂತ್ರಕ್ಕೆ ತಿಳಿಯುತ್ತದಂತೆ. ಸುಧೀರನಿಗೆ ನಿಧಿ ಸಿಕ್ಕಂತಾಯಿತು, ಅವತ್ತೆಲ್ಲ ಕುಟ್ಟಿದ್ದೇ ಕುಟ್ಟಿದ್ದು.

ಮೊದಮೊದಲು ನಾವು ತಪ್ಪು ಮಾಡಿದರೆ ಪರದೆಯ ಮೇಲೆ ಕೆಂಪು ಅಡ್ಡಗೀಟು ಮೂಡಿ, ದೊಡ್ಡಕ್ಷರದಲ್ಲಿ ತಪ್ಪು ಎಂದು ಬರುತ್ತಿತ್ತು. ಜೊತೆಗೊಂದು ಕರ್ಕಶ ಸದ್ದು. ಚಿಕ್ಕವರು ಬೆಚ್ಚಿ ಕೈ ಹಿಂದೆಳೆದುಕೊಳ್ಳುತ್ತಿದ್ದರು. ಟೀಚರು ನೋಡಿದರು. "ಆ ಪದ ತೆಗಿಯಪ್ಪ. ನಾನು ಯಾವ ಮಗೂಗೂ ಹಂಗೆ ಮಖುಕ್ಕೆ ಹೊಡ್ದಂಗೆ ಅಂದಿಲ್ಲ."

"ಬೇರೆ ಏನು ಹಾಕ್ಲಿ ಮೇಡಂ?"

ಅವರು ಸ್ವಲ್ಪ ಯೋಚಿಸಿದರು. "ಇನ್ನೂ ನೀರೈತೆ ಅಂತ ಹಾಕು."

ನಮ್ಮ ಕಡೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ತನಕ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ ತಾಗುತ್ತ ತಾಗುತ್ತ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಬಳಿ ಕುಲುಕಿದರೆ ಗುಡುಗುಡು ಎನ್ನುತ್ತದೆ. ನೀರಿನ ಸದ್ದು ಬಂದರೆ ಯಾರೂ ಬೈದುಕೊಳ್ಳುವುದಿಲ್ಲ, ಎಸೆಯುವುದೂ ಇಲ್ಲ. ಇನ್ನೂ ನೀರೈತೆ ಎಂದು ವಾಪಸು ಅಟ್ಟಕ್ಕೆ ಇಡುತ್ತಾರೆ, ಅಷ್ಟೆ. ಸುಧೀರನಿಗೆ ಇದರ ತಲೆಬುಡ ಗೊತ್ತಾಗಲಿಲ್ಲ. ಮಾರನೆಯ ದಿನ ಟೀಚರು ಚೀಲದಲ್ಲಿ ಎರಡು ಕಾಯಿ ತಂದು, ಒಂದಾದ ಮೇಲೊಂದು ಅವನ ಕಿವಿಯ ಹತ್ತಿರ ಕುಲುಕಿ ಕೇಳಿಸಿದರು. ಅವನು ಎರಡನೆಯದನ್ನು ಇಸಿದುಕೊಂಡು ತಾನೇ ಬಹಳ ಹೊತ್ತು ಕುಲುಕುತ್ತ ಕೂತಿದ್ದ.

ಹೀಗೆ ಪರದೆಯ ಮಾತೆಲ್ಲ ಒಂದೊಂದಾಗಿ ಟೀಚರ ಮಾತಾಯಿತು. ಅವಸರ ಇಲ್ಲ ಕಣವ್ವ. ಇನ್ನೊಂದ್ಸಲ ನೋಡು ಮಗ. ಇದು ಗ್ರಂಥಸ್ಥ ಕನ್ನಡವಲ್ಲ, ಮೇಲಿನವರು ಒಪ್ಪುವುದಿಲ್ಲ ಎಂದು ಹೆಡ್ಮಾಸ್ಟರು ಗೊಣಗಿದರು. "ಪುಸ್ತಕದ ಕನ್ನಡ ಪುಸ್ತಕದಾಗೆ ಐತಲ್ಲ, ಬುಡಿ ಸಾರ್" ಎಂದು ಟೀಚರು ಮುಗಿಸಿಬಿಟ್ಟರು. ನನಗಂತೂ ಆ ಪೆಟ್ಟಿಗೆಯ ಮುಂದೆ ಕೂರುವುದೆಂದರೆ ಹಬ್ಬ. ತರಗತಿಯಲ್ಲಿ ಟೀಚರು ಎಲ್ಲರ ಪಾಲಿಗೆ ಹಂಚಿಹೋಗುತ್ತಿದ್ದರು. ಅಲ್ಲಿ ಕೂತಾಗ ನನ್ನೊಬ್ಬಳಿಗೇ ಸಿಗುತ್ತಿದ್ದರು.

ದೀಪಾವಳಿ ಕಳೆದು ಹೊಲದಲ್ಲಿ ರಾಗಿ ತೆನೆ ಬಾಗಿದ್ದ ಕಾಲಕ್ಕೆ ನಾನು ದೊಡ್ಡವಳಾದೆ. ನಮ್ಮ ಹಟ್ಟಿಯಲ್ಲಿ ಹೆಣ್ಣುಮಕ್ಕಳು ಹೊರಗಾದರೆ ಬೇಲಿಯ ಆಚೆ ಇರಬೇಕು. ಅಲ್ಲೊಂದು ಗರಿ ಹೊದಿಸಿದ ಗುಡಿಸಲಿತ್ತು. ಊಟ ದೂರದಿಂದ ಬರುತ್ತಿತ್ತು. ಊರ ದಾರಿ ತುಳಿಯುವಂತಿರಲಿಲ್ಲ, ಸ್ಕೂಲಿನ ಮಾತೇ ಇಲ್ಲ. ನಮ್ಮಮ್ಮ ಹಾಗೆಯೇ ಇದ್ದವಳು, ನಮ್ಮಜ್ಜಿ ಹಾಗೆಯೇ ಇದ್ದವಳು. ಅದನ್ನು ಪ್ರಶ್ನಿಸಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಚಳಿ ಇತ್ತು, ಕತ್ತಲಾದರೆ ಭಯವೂ ಇತ್ತು. ಅದಕ್ಕಿಂತ ಹೆಚ್ಚಾಗಿ ಸ್ಕೂಲಿನ ಗಂಟೆ ಗಾಳಿಯಲ್ಲಿ ತೇಲಿ ಬಂದಾಗ ಅಳು ಬರುತ್ತಿತ್ತು.

ಸ್ನಾನವಾಗಿ ಸ್ಕೂಲಿಗೆ ಹೋದರೆ ಕಂಪ್ಯೂಟರು ನನಗೆ ರೊಟ್ಟಿ ತೋರಿಸಿತು. ಭಿನ್ನರಾಶಿಯ ಮೊಟ್ಟಮೊದಲ ಪಾಠ: ಒಂದು ರೊಟ್ಟಿ, ಅದನ್ನು ಎರಡು ಮಾಡಿದರೆ ಅರ್ಧ. ನಾನು ಆ ಹೊತ್ತಿಗೆ ಭಿನ್ನರಾಶಿಗಳ ಭಾಗಾಕಾರದಲ್ಲಿದ್ದವಳು. ಹೆಚ್ಚು ದಿನ ಬಾರದ ಮಗು ಕಲಿತದ್ದನ್ನು ಮರೆತಿರುತ್ತದೆ, ಅದಕ್ಕೆ ಮೊದಲಿನಿಂದ ಶುರು ಮಾಡಬೇಕು ಎಂದು ಸುಧೀರ ತಾನೇ ಯೋಚಿಸಿ ಹಾಕಿದ್ದ ನಿಯಮವಂತೆ. ಪಟ್ಟು ಹಿಡಿದು ಮೇಲೆ ಬರುವಷ್ಟರಲ್ಲಿ ಮತ್ತೆ ತಿಂಗಳು ತುಂಬಿತು, ಮತ್ತೆ ಬೇಲಿಯಾಚೆ, ಮತ್ತೆ ರೊಟ್ಟಿ. ಮನೆಯಲ್ಲಿ ಅಮ್ಮ ತಟ್ಟೆಗೆ ರೊಟ್ಟಿ ಹಾಕಿದರೂ ರೇಗುತ್ತಿತ್ತು.

ಒಂದು ದಿನ ಸುಧೀರ ಎಲ್ಲರೆದುರು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಯಂತ್ರದಲ್ಲೇ ಏನೋ ದೋಷವಿದೆಯೆಂದು ತಲೆಕೆಡಿಸಿಕೊಂಡಿದ್ದ. "ಈರಮ್ಮ, ನೀನು ತಿಂಗಳು ತಿಂಗಳೂ ಸರಿಯಾಗಿ ಹಿಂದಕ್ಕೆ ಬೀಳ್ತಿದೀಯ. ಅಷ್ಟು ದಿನ ಎಲ್ಲಿಗೆ ಹೋಗ್ತೀಯಮ್ಮ?" ಊರಿನ ಹುಡುಗರು ಕಿಸಕ್ಕನೆ ನಕ್ಕರು, ಅವರಿಗೆ ಗೊತ್ತಿತ್ತು. ನಾನು ಕಾಲಬೆರಳು ನೋಡುತ್ತ ನಿಂತೆ. ಟೀಚರು ಡಸ್ಟರು ಮೇಜಿಗೆ ಕುಟ್ಟಿ ಲೆಕ್ಕ ಮುಂದುವರಿಸಿದರು.

ಸಂಕ್ರಾಂತಿ ಆದ ಮೇಲೆ ಯಂತ್ರ ಪರೀಕ್ಷೆಯ ಭವಿಷ್ಯ ಹೇಳತೊಡಗಿತು. ಪಾಸಾಗುವವರ ಹೆಸರಿನ ಮುಂದೆ ಹಸಿರು ಚುಕ್ಕೆ, ಕಷ್ಟ ಎನ್ನುವವರ ಮುಂದೆ ಕೆಂಪು. ನನ್ನ ಹೆಸರಿನ ಮುಂದೆ ಕೆಂಪು ಬಂತು. ಹೆಡ್ಮಾಸ್ಟರಿಗೆ ನೂರಕ್ಕೆ ನೂರು ಫಲಿತಾಂಶದ ಹಂಬಲ. "ಕೆಂಪು ಬಂದೋರು ಮುಂದಿನ್ವರ್ಷ ಕೂತ್ಕೊಳ್ಲಿ. ಈ ವರ್ಷ ಬ್ಯಾಡ" ಎಂದರು. ನಾನು ಬಾಗಿಲಲ್ಲಿ ಸೀಮೆಸುಣ್ಣ ಇಸಿದುಕೊಳ್ಳಲು ನಿಂತಿದ್ದೆ. ನನಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಪರೀಕ್ಷೆಗೇ ಕೂರದವಳನ್ನು ಅಪ್ಪ ಕುರಿ ಹಿಂದೆ ಕಳಿಸುವುದು ಖಂಡಿತವಿತ್ತು.

"ಆ ಹುಡ್ಗಿ ಪಾಸಾಗ್ತಾಳೆ ಸಾರ್" ಎಂದರು ಗಿರಿಜಮ್ಮ ಟೀಚರು.

"ಮಿಷನ್ನು ಆಗಲ್ಲ ಅಂತೈತಲ್ಲ ಟೀಚರೇ."

"ಮಿಷನ್ನಿಗೆ ಹೇಳ್ಕೊಟ್ಟೋಳು ನಾನೇಯ. ನಾನು ಹೇಳ್ದೆ ಇದ್ದಿದ್ದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಹಾಗೆಂದವರೇ ಎದ್ದು ಸುಧೀರನನ್ನು ಕರೆದುಕೊಂಡು ಅಂಗಳದ ತೆಂಗಿನ ಮರದ ಬುಡಕ್ಕೆ ಹೋದರು. ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಟೀಚರು ಒಂದು ಸಲ ಕೈಯೆತ್ತಿ ನಮ್ಮ ಹಟ್ಟಿಯ ದಿಕ್ಕನ್ನು ತೋರಿಸಿದ್ದು ಕಂಡಿತು. ಸುಧೀರ ವಾಪಸು ಬಂದಾಗ ಅವನ ಕಿವಿಗಳು ಕೆಂಪಗಿದ್ದವು. ನನ್ನ ಕಡೆ ನೋಡದೆ ಹೋಗಿ ಯಂತ್ರದ ಮುಂದೆ ಕೂತ. ಟೀಚರು ಅವನ ಬೆನ್ನ ಹಿಂದೆ ನಿಂತು ಹೇಳಿದರು, ಈ ಸಲ ಅವನು ಕೇಳದೆಯೇ ಹೇಳಿದರು.

"ಬಂದ ಮಗೂನ ಯಾಕೆ ಬರ್ಲಿಲ್ಲ ಅಂತ ಕೇಳ್ಬ್ಯಾಡ. ಮೊದ್ಲಿಂದ ಶುರು ಮಾಡ್ಬ್ಯಾಡ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಕರ್ಕೋ. ಲೆಕ್ಕ ಬರ್ದಿದ್ರೆ ಆಮೇಲೆ ನೋಡನ."

ಮುಂದಿನ ತಿಂಗಳು ಬೇಲಿಯಾಚೆಯಿಂದ ಮರಳಿ ಬಂದು, ರೊಟ್ಟಿಗೆ ಸಿದ್ಧಳಾಗಿ ಗುಂಡಿ ಒತ್ತಿದೆ. ರೊಟ್ಟಿ ಬರಲಿಲ್ಲ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಬಂದ್ಯಾ, ಬಾ. ನೀನು ಬಿಟ್ಟಿದ್ದು ಇಲ್ಲೇ ಐತೆ. ಅದರ ಕೆಳಗೆ ನಾನು ಅರ್ಧಕ್ಕೆ ಬಿಟ್ಟುಹೋಗಿದ್ದ ಭಾಗಾಕಾರ. ನಾನು ಉತ್ತರ ಒತ್ತುವುದು ಬಿಟ್ಟು ಆ ಸಾಲನ್ನೇ ಓದುತ್ತ ಕೂತೆ. ಹುಟ್ಟಿದ ಮೇಲೆ ಅಷ್ಟು ದಿನಗಳಲ್ಲಿ ಅವತ್ತು ಆದಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಬೇಸಿಗೆ ಬಿಸಿಲು ಏರುವಷ್ಟರಲ್ಲಿ ಕೆಂಪು ಚುಕ್ಕೆ ಹೋಗಿ ಹಸಿರು ಬಂತು, ಹೆಡ್ಮಾಸ್ಟರು ನನ್ನ ಹೆಸರನ್ನು ಪರೀಕ್ಷೆಗೆ ಕಳಿಸಿದರು.

ಆಗ ಇನ್ನೊಂದು ಫಜೀತಿ ಎದುರಾಯಿತು. ವೇಳಾಪಟ್ಟಿ ಬಂದಾಗ ಬೆರಳು ಮಡಿಸಿ ನೋಡಿದೆ. ಪರೀಕ್ಷೆಯ ದಿನಗಳೂ ನಾನು ಹೊರಗಿರಬೇಕಾದ ದಿನಗಳೂ ಒಂದರ ಮೇಲೊಂದು ಬಿದ್ದಿದ್ದವು. ಅಮ್ಮನಿಗೆ ಹೇಳಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಕುರಿಗಳ ಜೊತೆ ಎಲ್ಲೋ ಇದ್ದ. ಇದ್ದಿದ್ದರೂ ಇಂಥ ವಿಷಯ ಅಜ್ಜಿಗೇ ಬಿಟ್ಟದ್ದು. ನಮ್ಮಜ್ಜಿಯ ಮಾತೆಂದರೆ ಇಡೀ ಹಟ್ಟಿಗೆ ಮಾತು. ನಾನು ಟೀಚರ ಬಳಿ ಹೋಗಿ ತಲೆ ತಗ್ಗಿಸಿ ಹೇಳಿದೆ.

ಭಾನುವಾರ ಉರಿಬಿಸಿಲಲ್ಲಿ ಅವರು ನಮ್ಮ ಹಟ್ಟಿಗೆ ನಡೆದು ಬಂದರು. ಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ಅಲ್ಲೇ ನಿಂತರು. ಅಜ್ಜಿ ಹೊರಗೆ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಆ ದಿನ್ಗಳಲ್ಲಿ ಮಗು ಹಟ್ಟಿಯಿಂದ ಆಚೆ ಇರ್ಬೇಕು, ಅದೇ ಅಲ್ವೇನಮ್ಮ ನಿಮ್ಮ ರೂಢಿ?" ಎಂದರು ಟೀಚರು.

"ಅದೇಯ. ಮೀರಿದ್ರೆ ಕುರಿ ಉಳಿಯಾಕಿಲ್ಲ."

"ಮೀರೋದು ಬ್ಯಾಡ. ಎಷ್ಟು ದೂರ ಇರ್ಬೇಕು ಅಂತ ಏನಾರ ಐತಾ?"

ಅಜ್ಜಿ ಯೋಚಿಸಿದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ದೂರುದ್ದೇನಿಲ್ಲ. ಬೇಲಿ ಆಚೆ ಇದ್ರಾಯ್ತು."

"ಅರಳಗುಪ್ಪೆ ಬೇಲಿ ಆಚೆಗೇ ಐತೆ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಟೀಚರನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮನೆಗೆ ತಟ್ಟಿದ್ರೆ?"

"ನಮ್ಮನೇಲಿ ಇದೆಲ್ಲ ಇಲ್ಲ ಕಣಮ್ಮ. ಕೊರಳಾಗೆ ಲಿಂಗ ಇದ್ದೋರ್ಗೆ ಮೈಲಿಗೆ ಇಲ್ಲ ಅಂತ ನಮ್ಮ ಹಿರೀಕರು ಹೇಳವ್ರೆ. ತಟ್ಟಿದ್ರೆ ನಂಗೇ ತಟ್ಲಿ."

"ಬಸ್ನಾಗೆ, ಪರೀಕ್ಸೆತಾವ ಜನ ಇರ್ತಾರೆ. ದ್ಯಾವ್ರಿಗೆ ಗೊತ್ತಾಗ್ದೆ ಇರ್ತೈತಾ?"

"ಪರೀಕ್ಷೆ ಐತೆ ಅಂತ್ಲೂ ದ್ಯಾವ್ರಿಗೆ ಗೊತ್ತಿರ್ತೈತೆ ಬುಡಿ."

ನಾನು ಮನೆಯ ಮೂಲೆಯಲ್ಲಿ ನಿಂತು ಅಜ್ಜಿಯ ಬೆನ್ನನ್ನೇ ನೋಡುತ್ತಿದ್ದೆ. ಕೊನೆಗೆ ಅವಳು ಮಂಡಿ ಹಿಡಿದು ಎದ್ದಳು. "ಬರೋವಾಗ ಕೆರೆತಾವ ತಲೆ ಮ್ಯಾಕೆ ನೀರು ಹುಯ್ಕಂಡು ಒಳೀಕೆ ಬರ್ಬೇಕು" ಎಂದು ನನ್ನ ಕಡೆ ತಿರುಗದೆಯೇ ಹೇಳಿ ಒಳಗೆ ಹೋದಳು. ಅಮ್ಮ ಅವತ್ತೇ ನನ್ನ ಬಟ್ಟೆ ಗಂಟು ಕಟ್ಟಿಟ್ಟಳು.

ಅರಳಗುಪ್ಪೆಯ ಆ ಮನೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಣ್ಣಿನ ಗೋಡೆ, ಒಳಗೆ ತಂಪು. ನಡುಮನೆಯ ಮೇಲೆ ಅಟ್ಟ, ಅದರ ಸಂದುಗಳಿಂದ ಕಾಯಿಗಳ ಹೊಟ್ಟೆ ಕಾಣುತ್ತಿತ್ತು. ಟೀಚರ ಯಜಮಾನರು ಮಾತು ಕಡಿಮೆಯವರು, ನನ್ನನ್ನು ನೋಡಿ ತಲೆಯಾಡಿಸಿ ತೋಟಕ್ಕೆ ಹೊರಟರು. ನಾನು ಗಂಟು ಹಿಡಿದುಕೊಂಡು ಜಗುಲಿಯ ಕೆಳಗೇ ನಿಂತಿದ್ದೆ. ದಾರಿಯಲ್ಲೇ ನಾನು ಹೊರಗಾಗಿದ್ದೆ. ಟೀಚರಿಗೆ ಹೇಳಿಯೂ ಇದ್ದೆ.

"ಯಾಕೆ ಅಲ್ಲೇ ನಿಂತೆ? ಬಾ ಒಳೀಕೆ."

"ಎಲ್ಲಿ ಕೂತ್ಕಳ್ಲಿ ಟೀಚರೇ?"

"ಎಲ್ಲಿ ಬೇಕೋ ಅಲ್ಲಿ ಕೂತ್ಕೋ."

ಅವರು ಕಾಫಿ ಕಾಸಿ ಲೋಟ ಕೈಗೇ ಕೊಟ್ಟರು. ಬೆರಳಿಗೆ ಬೆರಳು ತಾಗಿತು. ಅವರಿಗೆ ಅದು ಗೊತ್ತೂ ಆದ ಹಾಗಿರಲಿಲ್ಲ. ನನಗೆ ಮಾತ್ರ ಇವತ್ತಿಗೂ ಆ ಬೆರಳು ಗೊತ್ತಾಗುತ್ತದೆ.

ಸಂಜೆ ಅವರು ಅಟ್ಟಕ್ಕೆ ಏಣಿ ಹಾಕಿ, "ಹತ್ತಿ ಒಂದು ಕಾಯಿ ತಗೊಂಬಾ, ಬೆಳಿಗ್ಗೆಗೆ ಬೇಕು" ಎಂದರು.

"ನಾನು ಮುಟ್ಬೌದಾ?"

"ಮುಟ್ದೆ ಹೆಂಗೆ ತತ್ತೀಯ?"

ಮೇಲೆ ಬಗ್ಗಿ ಕೂರುವಷ್ಟೇ ಜಾಗ. ಬೆಚ್ಚನೆ ಗಾಳಿ, ಸಿಹಿ, ಹೊಗೆ, ಎಣ್ಣೆಯ ವಾಸನೆ ಒಟ್ಟಿಗೆ ಮುಖಕ್ಕೆ ಬಂತು. ನಾನು ಮಂಡಿಯೂರಿ ಒಂದೊಂದೇ ಕಾಯಿ ಎತ್ತಿ ಕಿವಿಯ ಬಳಿ ಕುಲುಕಿದೆ. ಒಂದರಲ್ಲಿ ನೀರಿತ್ತು, ಇನ್ನೊಂದರಲ್ಲೂ ನೀರು. ಕೆಳಗಿಂದ ಟೀಚರು ಅವಸರ ಇಲ್ಲ ಕಣವ್ವ ಎನ್ನುವುದು ಕೇಳಿಸಿತು. ಅದು ಪರದೆಯ ಮೇಲಿನ ಸಾಲು ಎನ್ನಿಸಿ ನನಗೆ ನಗು ಬಂತು. ಆಮೇಲೆ ಒಂದು ಗುಡುಗುಡು ಎಂದಿತು. ಅದನ್ನು ಸುಲಿದು ಚಿಪ್ಪು ಒಡೆದಾಗ ಕೊಬ್ಬರಿ ಉಂಡೆಯಾಗಿ ಉರುಳಿ ಅವರ ಅಂಗೈಗೆ ಬಿತ್ತು. ಬೆಳಿಗ್ಗೆ ಅದರದೊಂದು ಹೋಳನ್ನು ಬೆಲ್ಲದ ಜೊತೆ ನನ್ನ ಬಾಯಿಗಿಟ್ಟು, ಬಸ್ಸಿನಲ್ಲಿ ಜೊತೆಗೆ ಕೂತು, ಶೆಟ್ಟಿಕೆರೆಯ ಪರೀಕ್ಷಾ ಕೇಂದ್ರದ ಗೇಟಿನ ತನಕ ಬಂದರು. ಪರೀಕ್ಷೆ ಮುಗಿಯುವವರೆಗೆ ದಿನವೂ ಹಾಗೆಯೇ ನಡೆಯಿತು. ದಿನವೂ ಸಂಜೆ ಆ ಅಟ್ಟದ ಕೆಳಗೆ ಚಾಪೆ, ತಲೆಯ ಮೇಲೆ ಸೂರು, ಒಲೆಯ ಬೆಳಕು. ಆ ದಿನಗಳು ಮುಗಿಯದಿದ್ದರೆ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು. ಬಹುಶಃ ಇಡೀ ಜಿಲ್ಲೆಯಲ್ಲಿ ಪಬ್ಲಿಕ್ ಪರೀಕ್ಷೆ ಇನ್ನಷ್ಟು ದಿನ ನಡೆಯಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ.

ಪಾಸಾದೆ. ಅಪ್ಪ ಮಾತಿಗೆ ತಪ್ಪಲಿಲ್ಲ, ಜೂನ್ ತಿಂಗಳಲ್ಲಿ ನನ್ನ ಕೈಹಿಡಿದು ಹೈಸ್ಕೂಲಿಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಗಿರಿಜಮ್ಮ ಟೀಚರು ನಿವೃತ್ತರಾಗಿದ್ದರು. ಸುಧೀರನ ಯೋಜನೆ ಆ ವರ್ಷಕ್ಕೇ ನಿಂತಿತು. ಹೋಗುವ ದಿನ ಅವನು ಒಂದು ಅಟ್ಟದ ಕಾಯಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದನಂತೆ. ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದರು, ಆಮೇಲೆ ಇಲಿಗಳು ವೈರು ಕಡಿದವು. ಟೀಚರು ಹೇಳಿ ಅವನು ಬರೆದದ್ದೆಲ್ಲ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ನಾನು ಟೀಚರಾಗಿ ರಾಯಚೂರಿನ ಕಡೆ ಕೆಲಸಕ್ಕೆ ಸೇರಿದ್ದಾಗ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವರ್ಗವಾಗಿ ಈ ಕಡೆ ಬಂದ ಮೇಲೆ ಒಮ್ಮೆ ಅರಳಗುಪ್ಪೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಅಟ್ಟದ ಮನೆ ಇದ್ದಲ್ಲಿ ತಾರಸಿ ಮನೆ ಬಂದಿದೆ, ಕಾಯಿಗಳು ಹೊರಗೆ ತಗಡಿನ ಶೆಡ್ಡಿನಲ್ಲಿವೆ. ನಾನು ಬಸ್ಸಿನಿಂದ ಇಳಿಯಲಿಲ್ಲ. ಇಳಿದರೆ ಹೋಗಿ ಕೂರುವುದಕ್ಕೆ ಆ ನಡುಮನೆ ಬೇಕಿತ್ತು.

ಬಿಡುವು ಮುಗಿದ ಗಂಟೆಯಾಯಿತು. ಮಧ್ಯಾಹ್ನ ಆ ಚುರುಕಿನ ಹುಡುಗಿ ಹೊಸದೊಂದು ಕೆಲಸ ಕೊಟ್ಟಳು. ನಮ್ಮ ತರಗತಿಯ ಒಂದು ಮಗುವಿನ ಬಗ್ಗೆ ಹೇಳಿದರೆ ಯಂತ್ರ ಆ ಮಗುವಿಗೆಂದೇ ಪಾಠದ ದಾರಿ ಹಾಕಿಕೊಡುತ್ತದೆ. ಹಟ್ಟಿಗಳಿಂದ ಬರುವ ಹುಡುಗಿಯರು ನನ್ನ ತರಗತಿಯಲ್ಲಿ ಈಗಲೂ ಇದ್ದಾರೆ. ಕೆಲವು ಕಡೆ ರೂಢಿ ಸಡಿಲವಾಗಿದೆ, ಕೆಲವು ಕಡೆ ಇಲ್ಲ. ಪ್ರತಿ ತಿಂಗಳು ಕೆಲವು ದಿನ ಬಾರದ ಹುಡುಗಿ ಎಂದು ಬರೆದೆ. ಯಂತ್ರ ಸೊಗಸಾದ ಕನ್ನಡದಲ್ಲಿ ಉತ್ತರಿಸಿತು. ಮೊದಲು ಗೈರುಹಾಜರಿಯ ಕಾರಣವನ್ನು ವಿಚಾರಿಸಬೇಕು, ನಂತರ ಬುನಾದಿ ಹಂತದಿಂದ ಪುನರಾರಂಭಿಸಬೇಕು. ನನಗೆ ಕೋಪ ಬರಲಿಲ್ಲ. ಇದಕ್ಕೂ ಯಾರೋ ಹೇಳದೆ ಬಿಟ್ಟಿದ್ದಾರೆ ಎನ್ನಿಸಿತು, ಅಷ್ಟೆ.

ಕಾರಣ ಕೇಳಬೇಡ, ಮೊದಲಿನಿಂದ ಶುರು ಮಾಡಬೇಡ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಕರೆದುಕೋ ಎಂದು ಬರೆದೆ. ಅರ್ಥವಾಯಿತು ಎಂದಿತು. ಮರಳಿ ಬಂದ ಮಗುವಿಗೆ ಮೊದಲು ಕಾಣಬೇಕಾದ ಸಾಲು ಯಾವುದು ಎಂದೂ ಬರೆದೆ. ಪಕ್ಕದ ಎಳೆಯ ಮೇಷ್ಟ್ರು ಬಗ್ಗಿ ಓದಿದರು. "ಇದೇನ್ ಮೇಡಂ, ನಮ್ಮ ಹಳ್ಳಿ ಮಾತು?"

"ನಮ್ಮ ಟೀಚರ್ದು" ಎಂದೆ.

ಹುಡುಗಿ ನನ್ನ ಹೆಗಲ ಮೇಲಿಂದ ನೋಡಿ, "ಒಂದ್ಸಲ ನೀವೇ ವಿದ್ಯಾರ್ಥಿ ಆಗಿ ಒಳಗೆ ಹೋಗಿ ನೋಡಿ ಮೇಡಂ, ಕೆಲಸ ಮಾಡುತ್ತಾ ಅಂತ" ಎಂದಳು. ಹೆಸರು ಕೇಳಿತು. ಈರಮ್ಮ ಎಂದು ಟೈಪ್ ಮಾಡಿದೆ. ತರಗತಿ ಕೇಳಿತು. ಏಳು ಎಂದು ಒತ್ತಿದೆ. ಪರದೆ ಒಂದು ಕ್ಷಣ ಖಾಲಿಯಾಗಿತ್ತು. ಕಿಟಕಿಯಿಂದ ಕೊಬ್ಬರಿ ವಾಸನೆ ಬರುತ್ತಲೇ ಇತ್ತು. ಆಮೇಲೆ ಅಕ್ಷರ ಮೂಡಿತು.

ಬಂದ್ಯಾ, ಬಾ. ನೀನು ಬಿಟ್ಟಿದ್ದು ಇಲ್ಲೇ ಐತೆ.

ಕಣ್ಣು ಮಂಜಾಗಿ ಕೆಳಗಿನ ಲೆಕ್ಕ ಕಾಣಲಿಲ್ಲ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅದು ಕೇಳಲಿಲ್ಲ.